ಹೋದದ್ದು ಇಪ್ಪತ್ತು, ಬಂದದ್ದು ಇಪ್ಪತ್ತು

ನನ್ನ ಹತ್ತಿರ ಅಂಗೈಯಗಲದ ಒಂದು ನೋಟ್‌ಬುಕ್ ಇದೆ. ಪ್ರತಿ ಪುಟದ ಮಧ್ಯೆ ಸ್ಕೇಲ್ ಇಟ್ಟು ಒಂದು ಗೆರೆ ಎಳೆದಿದ್ದೇನೆ. ಎಡಕ್ಕೆ ‘ಹೋದದ್ದು’, ಬಲಕ್ಕೆ ‘ಬಂದದ್ದು’. ಮೊದಲ ಸಲ ನೋಡಿದವರು ಯಾರಿಗೋ ಕೊಟ್ಟ ಕೈಸಾಲದ ಲೆಕ್ಕ ಇರಬೇಕು ಅಂದುಕೊಳ್ಳುತ್ತಾರೆ. ಅಲ್ಲ. ಅದು ನನ್ನ ಕ್ಯಾಟರ್‌ಬಿಲ್ಲಿನ ಲೆಕ್ಕ. ಕವೆಗೆ ರಬ್ಬರ್ ಕಟ್ಟಿದ ಬಿಲ್ಲು, ಅದರಿಂದ ಹೊಡೆದ ಗುಂಡೆಷ್ಟು, ವಾಪಸ್ ಸಿಕ್ಕಿದ್ದೆಷ್ಟು ಅಂತ.

ದಿನವಿಡೀ ಬೇರೆಯವರ ಲೆಕ್ಕ ಬರೆಯೋದು ನನ್ನ ಕೆಲಸ. ಸಂಜೆಯಾದರೆ ಕುತ್ತಿಗೆ ಮರಗಟ್ಟುತ್ತದೆ, ಕಣ್ಣಿಗೆ ಒಂದೂವರೆ ಅಡಿಗಿಂತ ಆಚೆಗಿನ ಲೋಕ ಮರೆತೇ ಹೋಗಿರುತ್ತದೆ. ದೂರ ನೋಡುವ, ಕೈ ಚಾಚುವ ಏನಾದರೂ ಆಟ ಬೇಕಿತ್ತು. ಇನ್ನೊಂದು ಕಾರಣವೂ ಇದೆ, ಹೇಳಿಬಿಡುತ್ತೇನೆ. ಚಿಕ್ಕಂದಿನಲ್ಲಿ ಮನೆಯಲ್ಲಿದ್ದ ಒಂದೇ ಒಂದು ಕ್ಯಾಟರ್‌ಬಿಲ್ಲು ತಮ್ಮನ ಕೈಯಲ್ಲಿರುತ್ತಿತ್ತು. ನನ್ನ ಪಾಲಿಗೆ ಕಲ್ಲು ಆಯ್ದುಕೊಡುವ ಕೆಲಸ. ನಲವತ್ತಾರನೇ ವಯಸ್ಸಿನಲ್ಲಿ ಆ ಬಾಕಿ ವಸೂಲಿಗೆ ಇಳಿದೆ.

ಶುರು ಮಾಡಿ ಮೂರನೇ ತಿಂಗಳು. ಬಿಲ್ಲನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಗುಂಡು ಕೂರಿಸುವ ತೊಗಲನ್ನು ಕೆನ್ನೆಯವರೆಗೆ ಎಳೆದು, ಇನ್ನೇನು ಬಿಡಬೇಕು. ‘ಪಟ್’ ಅಂತ ಸದ್ದಾಯಿತು. ಆಮೇಲೆ ನೋಡಿದರೆ ನನ್ನ ಕನ್ನಡಕ ನೆಲದ ಮೇಲಿತ್ತು. ಎಡಗಡೆಯ ಕವೆಗೆ ಕಟ್ಟಿದ್ದ ರಬ್ಬರ್ ಗಂಟಿನ ಬುಡದಲ್ಲೇ ಕಿತ್ತು, ಅಷ್ಟುದ್ದದ ಪಟ್ಟಿ ಸೀದಾ ಮುಖಕ್ಕೆ ಬಡಿದಿತ್ತು. ಕನ್ನಡಕದ ಒಂದು ಗಾಜಿನ ಮೇಲೆ ಉದ್ದಕ್ಕೆ ಗೀರು, ಕಣ್ಣಿನ ಕೆಳಗೆ ಒಂದು ಕೆಂಪು ಬರೆ. ಬರೆ ಹೋಗೋಕೆ ನಾಲ್ಕು ದಿನ ಬೇಕಾಯಿತು. ಆಫೀಸಿನಲ್ಲಿ ಬೀರುವಿನ ಬಾಗಿಲು ತಾಗಿತು ಅಂತ ಸುಳ್ಳು ಹೇಳಿದೆ. ಕ್ಯಾಟರ್‌ಬಿಲ್ಲು ಹೊಡೆಯುತ್ತಿದ್ದೆ ಅಂತ ಹೇಳೋಕೆ ಬರೆಗಿಂತ ಜಾಸ್ತಿ ಧೈರ್ಯ ಬೇಕಿತ್ತು.

ಅವತ್ತು ರಾತ್ರಿ ಕಿತ್ತ ರಬ್ಬರನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಗಂಟು ಹಾಕಿದ್ದ ಜಾಗದ ಪಕ್ಕ, ಅಂಚಿನಲ್ಲಿ, ಒಂದು ಸಣ್ಣ ಹಲ್ಲು. ಕತ್ತರಿ ನಡುವೆ ನಿಂತು ಮತ್ತೆ ಮುಂದುವರಿದರೆ ಬಟ್ಟೆಯಲ್ಲಿ ಆಗುತ್ತಲ್ಲ, ಅಂಥದ್ದು. ಪಟ್ಟಿ ಕತ್ತರಿಸುವಾಗ ನಾನೇ ಮಾಡಿದ್ದು. ಎಳೆದಾಗೆಲ್ಲ ಆ ಹಲ್ಲು ಒಂದೊಂದು ಎಳೆಯಷ್ಟು ಒಳಗೆ ಹೋಗುತ್ತಿತ್ತು, ನಾನು ಗುರಿಯನ್ನೇ ನೋಡುತ್ತಾ ನಿಂತಿದ್ದೆ.

ರಬ್ಬರ್ ಕಿತ್ತರೆ ಎಲ್ಲಿ ಕಿತ್ತಿತು ಅನ್ನೋದು ಮುಖ್ಯ. ತೊಗಲಿನ ಹತ್ತಿರ ಕಿತ್ತರೆ ಪಟ್ಟಿ ಮುಂದಕ್ಕೆ, ಕವೆಯ ಕಡೆಗೆ ಹಾರುತ್ತದೆ. ಬಿಲ್ಲು ಹಿಡಿದ ಕೈಗೆ ಚುರುಕ್ ಅನ್ನಬಹುದು, ಗುಂಡು ಸೊಟ್ಟ ಹೋಗುತ್ತದೆ. ಕವೆಯ ಹತ್ತಿರ ಕಿತ್ತರೆ ಮಾತ್ರ ಇಡೀ ಪಟ್ಟಿ ನಮ್ಮ ಕಡೆಗೇ ಬರುತ್ತದೆ. ನಮ್ಮ ಕಡೆ ಅಂದರೆ ಕೆನ್ನೆ, ಅದರ ಮೇಲೆ ಕಣ್ಣು. ಗುರಿ ಹಿಡಿಯೋಕೆ ಅಂತ ಕಣ್ಣನ್ನು ತಂದು ರಬ್ಬರಿನ ದಾರಿಯಲ್ಲೇ ಇಟ್ಟಿರುತ್ತೇವೆ ನೋಡಿ.

ಅದಕ್ಕೇ ನನ್ನ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ರಬ್ಬರಿನ ಲೆಕ್ಕ ಇದೆ. ಯಾವತ್ತು ಕಟ್ಟಿದ್ದು, ಎಷ್ಟು ಸಲ ಎಳೆದದ್ದು, ಯಾಕೆ ಬಿಚ್ಚಿದ್ದು. ನಾನು ಬಳಸೋದು ಅರ್ಧ ಮಿಲಿಮೀಟರ್ ದಪ್ಪದ ಲೇಟೆಕ್ಸ್ ಹಾಳೆಯಿಂದ ಕತ್ತರಿಸಿದ ಪಟ್ಟಿ. ಕವೆಯ ಕಡೆ 18 ಮಿಲಿಮೀಟರ್ ಅಗಲ, ತೊಗಲಿನ ಕಡೆ 12. ತುದಿ ಕಡೆ ಕಿರಿದಾದರೆ ಅಲ್ಲಿ ಭಾರ ಕಮ್ಮಿ, ಬಿಟ್ಟಾಗ ಚುರುಕಾಗಿ ಓಡುತ್ತದೆ. ಜೊತೆಗೆ ಎಳೆತ ಜಾಸ್ತಿ ಬೀಳೋದೂ ಕಿರಿದಾದ ತುದಿಯ ಮೇಲೇ, ಹಾಗಾಗಿ ಹಳೆಯದಾದಾಗ ಸಾಮಾನ್ಯವಾಗಿ ಕಿತ್ತುಹೋಗೋದೂ ಅಲ್ಲೇ. ಅದು ಮುಖದ ಮಟ್ಟಿಗೆ ಒಳ್ಳೇದೇ. ಕತ್ತರಿಸೋದು ಈಗ ಕತ್ತರಿಯಲ್ಲಲ್ಲ. ಉರುಳುವ ಚಕ್ರದ ಬ್ಲೇಡ್ ತಗೊಂಡಿದ್ದೇನೆ, ಸ್ಕೇಲ್ ಒತ್ತಿ ಹಿಡಿದು ಒಂದೇ ಸಲಕ್ಕೆ ಎಳೆಯುತ್ತೇನೆ. ಮಧ್ಯೆ ನಿಂತರೆ ಆ ಪಟ್ಟಿ ಕಸಕ್ಕೆ.

ಉದ್ದದ ಲೆಕ್ಕವೂ ಇದೆ. ನಾನು ಕೆನ್ನೆಯವರೆಗೆ ಎಳೆದರೆ ಕವೆಯಿಂದ ತೊಗಲಿಗೆ 76 ಸೆಂಟಿಮೀಟರ್ ಆಗುತ್ತದೆ. ಗಂಟುಗಳ ನಡುವೆ ಸಡಿಲವಾಗಿ ಇರುವ ಪಟ್ಟಿಯ ಉದ್ದ 16. ಅಂದರೆ ಎಳೆದಾಗ ಐದರಷ್ಟಕ್ಕೆ ಸ್ವಲ್ಪ ಕಮ್ಮಿ. ಒಳ್ಳೆ ಲೇಟೆಕ್ಸ್ ಆರು ಪಟ್ಟನ್ನೂ ದಾಟಿ ಹಿಗ್ಗುತ್ತದೆ, ಆದರೆ ಆ ಕೊನೇ ಅಂಚಿನವರೆಗೆ ಎಳೆದರೆ ಪಟ್ಟಿಯ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ಇನ್ನೂ ನಾಲ್ಕು ಅಂಗುಲ ಎಳೆದರೆ ಎಷ್ಟು ಜೋರು ಹೋಗಬಹುದು ಅನ್ನೋ ಆಸೆ ಎಲ್ಲರಿಗೂ ಬರುತ್ತದೆ. ನನಗೂ ಬಂದಿತ್ತು.

ರಬ್ಬರ್ ಅನ್ನೋದು ಸುಮ್ನೆ ಇಟ್ಟರೂ ಹಳೆಯದಾಗುವ ವಸ್ತು. ಬಿಸಿಲು ಅದನ್ನು ತಿನ್ನುತ್ತದೆ. ಗಾಳಿಯಲ್ಲಿರುವ ಓಝೋನ್ ತಿನ್ನುತ್ತದೆ, ಅದರಲ್ಲೂ ಎಳೆದು ಬಿಗಿದಿಟ್ಟ ರಬ್ಬರನ್ನು. ಎಳೆದ ದಿಕ್ಕಿಗೆ ಅಡ್ಡಡ್ಡ ಕೂದಲೆಳೆಯಂಥ ಬಿರುಕು ಕಂಡರೆ ಅದು ಓಝೋನಿನ ಕೆಲಸ. ಎಣ್ಣೆ ಮುಟ್ಟಿದ ಕೈಯಲ್ಲಿ ಹಿಡಿದರೆ ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ತಲೆಗೆ ಎಣ್ಣೆ ಹಚ್ಚಿದ ದಿನ ನಾನು ಬಿಲ್ಲನ್ನು ಮುಟ್ಟಲ್ಲ. ಉಳಿದ ದಿನ ಹೊಡೆದು ಮುಗಿದ ಮೇಲೆ ಪಟ್ಟಿಗೆ ಚೂರು ಪೌಡರ್ ಸವರಿ, ತಗಡಿನ ಡಬ್ಬಿಯಲ್ಲಿ, ಕತ್ತಲಲ್ಲಿ, ಸಡಿಲವಾಗಿ ಮಲಗಿಸುತ್ತೇನೆ. ಮನೆಯವರು ನಗುತ್ತಾರೆ. ನಗಲಿ.

ಹೊಡೆಯೋ ಮುಂಚೆ ಮಾಡುವ ಒಂದು ಕೆಲಸ ಇದೆ, ಅದಕ್ಕೆ ಅರ್ಧ ನಿಮಿಷ ಸಾಕು. ಬಿಲ್ಲನ್ನು ಸೊಂಟದ ಕೆಳಗೆ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ಗುಂಡು ಹಾಕದೆ ನಿಧಾನ ಮೂರು ಸಲ ಎಳೆಯೋದು. ಎಳೆದ ಹಾಗೇ ನಿಧಾನ ವಾಪಸ್ ಬಿಡೋದು. ಕೀಳೋದಿದ್ದರೆ ಅಲ್ಲೇ ಕೀಳಲಿ, ಮೊಣಕಾಲಿಗೆ ಬಡಿಯಲಿ. ಆಮೇಲೆ ಪಟ್ಟಿಯನ್ನು ಬೆಳಕಿಗೆ ಹಿಡಿದು ಹಿಗ್ಗಿಸಿ ಅಂಚು ನೋಡೋದು. ಹಲ್ಲು ಕಂಡರೆ, ಬಣ್ಣ ಬಿಳಿಚಿದ್ದರೆ, ಬಿಚ್ಚೋದು. ‘ಇವತ್ತೊಂದು ದಿನ ನಡೆಯುತ್ತೆ’ ಅನ್ನೋ ಮಾತು ಬಾಯಿಗೆ ಬಂದರೆ ಆ ರಬ್ಬರಿನ ಕೆಲಸ ಮುಗಿದಿದೆ ಅಂತಲೇ ಲೆಕ್ಕ.

ಗುಂಡಿಲ್ಲದೆ ಎಳೆದು ‘ಚಟ್’ ಅಂತ ಬಿಟ್ಟುಬಿಡೋದು ಬೇರೆ ವಿಷಯ. ಅದನ್ನು ಮಾಡಬಾರದು. ಗುಂಡು ಹೊತ್ತುಕೊಂಡು ಹೋಗಬೇಕಾದ ಶಕ್ತಿಯೆಲ್ಲ ರಬ್ಬರಿನಲ್ಲೇ ಉಳಿದು, ತೊಗಲು ಮುಂದೆ ಹೋಗಿ ತಿರುಗಿ ಬಂದು ಬೆರಳಿಗೆ ಬಡಿಯುತ್ತದೆ. ತೀರಾ ಹಗುರ ಗುಂಡು ಹಾಕಿದರೂ ಹಾಗೇ. ಹೆಬ್ಬೆರಳಿನ ಗೆಣ್ಣು ಊದಿಸಿಕೊಂಡು ಕಲಿತದ್ದು.

ಕನ್ನಡಕಕ್ಕೆ ಗೀರು ಬಿದ್ದ ಕಥೆಗೆ ಬರುತ್ತೇನೆ. ಅವತ್ತು ಉಳಿಸಿದ್ದು ನಂಬರಿನ ಕನ್ನಡಕ. ಆದರೆ ಅದು ಉಳಿಸೋಕೆ ಅಂತ ಮಾಡಿದ್ದಲ್ಲ. ಬಡಿದದ್ದು ರಬ್ಬರ್ ಆದ್ದರಿಂದ ಗೀರಿಗೆ ಮುಗಿಯಿತು. ಸ್ಟೀಲ್ ಗುಂಡು ಬಡಿದಿದ್ದರೆ ಮಾಮೂಲಿ ಗಾಜು ಒಡೆದು ಚೂರುಗಳೇ ಕಣ್ಣಿಗೆ ಹೋಗುತ್ತಿದ್ದವು. ಈಗ ನಂಬರಿನ ಕನ್ನಡಕದ ಮೇಲೆ ಇನ್ನೊಂದು ಹಾಕುತ್ತೇನೆ, ವರ್ಕ್‌ಶಾಪಿನಲ್ಲಿ ಗ್ರೈಂಡಿಂಗ್ ಮಾಡುವವರು ಹಾಕುವ, ಪಾಲಿಕಾರ್ಬೊನೇಟ್ ಅನ್ನೋ ಗಟ್ಟಿ ಪ್ಲಾಸ್ಟಿಕ್‌ನ ಕನ್ನಡಕ. ಪಕ್ಕದಲ್ಲೂ ಮುಚ್ಚುವಂಥದ್ದು. ಪಾಲಿಕಾರ್ಬೊನೇಟ್ ಪೆಟ್ಟು ಬಿದ್ದರೆ ತಗ್ಗು ಬೀಳುತ್ತದೆ, ಚೂರಾಗಲ್ಲ. ಎರಡು ಕನ್ನಡಕ ಹಾಕಿದ ನನ್ನ ಮುಖ ನೋಡೋಕೆ ಚೆನ್ನಾಗಿಲ್ಲ ಅಂತ ನನಗೂ ಗೊತ್ತು.

ಕಣ್ಣಿನ ಬಗ್ಗೆ ಇಷ್ಟು ಹೇಳೋಕೆ ಕಾರಣ ಗುಂಡಿನ ಗಾತ್ರ. ಟೆನಿಸ್ ಚೆಂಡು ಮುಖಕ್ಕೆ ಬಿದ್ದರೆ ಹುಬ್ಬಿನ ಮೂಳೆ, ಕೆನ್ನೆಯ ಮೂಳೆ ಸೇರಿ ಸಾಕಷ್ಟು ಪೆಟ್ಟನ್ನು ತಡೆಯುತ್ತವೆ. ಎಂಟು ಮಿಲಿಮೀಟರಿನ ಗುಂಡಿಗೆ ಮೂಳೆಯ ತಡೆ ಇಲ್ಲ. ಅದು ಸೀದಾ ಕಣ್ಣುಗುಡ್ಡೆಗೇ ಬೀಳುವಷ್ಟು ಚಿಕ್ಕದು. ಒಳಗೆ ರಕ್ತ ಕಟ್ಟಬಹುದು, ರೆಟಿನಾ ಕಿತ್ತು ಬರಬಹುದು.

ಎಷ್ಟು ಜೋರಾಗಿ ಹೋಗುತ್ತದೆ ಅಂತ ಒಂದು ಭಾನುವಾರ ಅಳೆದೆ. ಫೋನನ್ನು ಸ್ಲೋ ಮೋಷನ್‌ಗೆ ಇಟ್ಟರೆ ಸೆಕೆಂಡಿಗೆ 240 ಚಿತ್ರ ತೆಗೆಯುತ್ತದೆ. ತೊಗಲು ಬಿಟ್ಟ ಚಿತ್ರದಿಂದ ಎಂಟು ಮೀಟರ್ ಆಚೆ ಬಟ್ಟೆ ಅಲುಗಿದ ಚಿತ್ರದವರೆಗೆ ಎಣಿಸಿದೆ. 38. ಅಂದರೆ ಸೆಕೆಂಡಿಗೆ 50 ಮೀಟರ್, ಗಂಟೆಗೆ 180 ಕಿಲೋಮೀಟರ್. ಇಪ್ಪತ್ತು ಗುಂಡು ಒಟ್ಟಿಗೆ ತಕ್ಕಡಿಗೆ ಹಾಕಿದರೆ 42 ಗ್ರಾಂ, ಒಂದಕ್ಕೆ ಎರಡು ಗ್ರಾಂ ಚಿಲ್ಲರೆ. ಇಷ್ಟು ಚಿಕ್ಕದು ಏನು ಮಾಡೀತು ಅನ್ನಿಸುತ್ತೆ, ಅಲ್ವಾ? ಆದರೆ ಭಾರ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ಎರಡು ಪಟ್ಟು, ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಕೈಯಲ್ಲಿ ಎಸೆದ ಗುಂಡನ್ನೂ ಬಿಲ್ಲಿನಿಂದ ಬಿಟ್ಟ ಗುಂಡನ್ನೂ ಒಂದೇ ಅಂದುಕೊಳ್ಳೋದು ತಪ್ಪಾಗೋದು ಇಲ್ಲೇ. ಲೆಕ್ಕ ಗೊತ್ತಾದ ಮೇಲೆ ನನಗೆ ಅದನ್ನು ಆಟಿಕೆ ಅನ್ನೋಕೆ ಮನಸ್ಸು ಬರಲಿಲ್ಲ.

ಆಟಿಕೆಯ ಹೆಸರು ಅಂಟಿಕೊಂಡಿರೋದು ಅದರ ರೂಪದಿಂದ. ಒಂದು ಕವೆಕೊಂಬೆ, ಎರಡು ರಬ್ಬರ್, ಒಂದು ತುಂಡು ತೊಗಲು. ಅಂದಹಾಗೆ ಇದು ತುಂಬಾ ಪುರಾತನ ವಸ್ತು ಅಂತ ಅನೇಕರು ನಂಬಿದ್ದಾರೆ. ಪುರಾತನವಾದದ್ದು ಹಗ್ಗದಲ್ಲಿ ಕಲ್ಲಿಟ್ಟು ಬೀಸಿ ಎಸೆಯುವ ಕವಣೆ, ಅದು ಬೇರೆ. ಬರೀ ಹಸಿ ರಬ್ಬರ್ ಸೆಕೆಗೆ ಅಂಟಂಟು, ಚಳಿಗೆ ಪೆಡಸು. ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರಿಸಿ ಬೇಯಿಸಿ ಅದನ್ನು ಹದಕ್ಕೆ ತಂದು, ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1844ರಲ್ಲಿ. ನಮ್ಮ ಕ್ಯಾಟರ್‌ಬಿಲ್ಲು ಅದರ ನಂತರದ್ದು. ಚಿಕ್ಕಂದಿನಲ್ಲಿ ತಮ್ಮ ಕಟ್ಟುತ್ತಿದ್ದ ಸೈಕಲ್ ಟ್ಯೂಬ್ ಯಾಕೆ ಅಷ್ಟು ಮಂದ ಅಂತಲೂ ಈಗ ಅರ್ಥವಾಯಿತು. ಟ್ಯೂಬುಗಳು ಹೆಚ್ಚಾಗಿ ಬ್ಯುಟೈಲ್ ಅನ್ನೋ ಕೃತಕ ರಬ್ಬರಿನವು. ಗಾಳಿ ಹಿಡಿದಿಡೋಕೆ ಅದು ಚೆನ್ನ, ಪುಟಿಯೋಕೆ ಸೋಮಾರಿ. ತಮ್ಮನ ಗುರಿ ಯಾವತ್ತೂ ತಾಗದಿದ್ದುದಕ್ಕೆ ಅವನು ಈಗ ಈ ಕಾರಣ ಕೊಡುತ್ತಾನೆ.

ಕಲ್ಲನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಒಂದೊಂದು ಕಲ್ಲಿಗೆ ಒಂದೊಂದು ಆಕಾರ, ಒಂದೊಂದು ಭಾರ. ಹತ್ತು ಮೀಟರ್ ಹೋಗೋದರಲ್ಲಿ ಅರ್ಧ ಅಡಿ ಪಕ್ಕಕ್ಕೆ ತಿರುಗುವ ಕಲ್ಲುಗಳಿವೆ. ಎಲ್ಲಿಗೆ ಹೋಗುತ್ತದೆ ಅಂತ ಹೊಡೆದವಳಿಗೇ ಗೊತ್ತಿಲ್ಲದ ಮೇಲೆ ಅದು ಗುರಿ ಹೇಗಾಯಿತು? ಗಾಜಿನ ಗೋಲಿ ಗಟ್ಟಿ ಜಾಗಕ್ಕೆ ಬಡಿದರೆ ಚೂರಾಗುತ್ತದೆ, ಆ ಚೂರು ಬರಿಗಾಲಿಗೆ ಕಾಯುತ್ತದೆ. ಸೀಸದ ಗುಂಡು ವಿಷ. ಕೈಗೂ ಮೆತ್ತುತ್ತದೆ, ಮಣ್ಣಿಗೂ ಸೇರುತ್ತದೆ, ಹಕ್ಕಿಗಳು ಹರಳು ಅಂತ ನುಂಗಿ ಸಾಯುತ್ತವೆ. ಉಳಿದದ್ದು ಸ್ಟೀಲ್ ಗುಂಡು, ಇಲ್ಲವೇ ಒಣಗಿಸಿದ ಮಣ್ಣಿನ ಉಂಡೆ. ಮಣ್ಣಿನದು ತಾಗಿದ ಕಡೆ ಪುಡಿಯಾಗುತ್ತದೆ, ತಿರುಗಿ ಬರೋದು ಕಮ್ಮಿ. ಆದರೆ ನನ್ನಂಥವಳಿಗೆ ಅದನ್ನು ಎಣಿಸಿ ವಾಪಸ್ ತಗೊಳ್ಳೋಕೆ ಆಗಲ್ಲವಲ್ಲ.

ಸ್ಟೀಲಿನ ತೊಂದರೆ ಅದು ಪುಟಿಯೋದು. ಗೋಡೆ, ಕಾಂಕ್ರೀಟ್, ಬಂಡೆ, ಮರದ ಕಾಂಡ, ಬಿಗಿಯಾಗಿ ನಿಂತ ತಗಡು, ಯಾವುದಕ್ಕೆ ಬಡಿದರೂ ವಾಪಸ್. ಗುರಿ ಅಂತ ಗೋಡೆಯ ಮುಂದೆ ಖಾಲಿ ಡಬ್ಬಿ ಇಟ್ಟು ಹೊಡೆಯುವವರನ್ನು ನೋಡಿದರೆ ನನಗೆ ಈಗ ಹೊಟ್ಟೆಯೊಳಗೆ ಏನೋ ಆಗುತ್ತದೆ. ಡಬ್ಬಿಗೆ ತಾಗಿದರೆ ಸರಿ. ತಾಗದ ಗುಂಡೆಲ್ಲ ಗೋಡೆಗೇ ತಾನೆ?

ನನ್ನ ಗುರಿ ಒಂದು ರಟ್ಟಿನ ಪೆಟ್ಟಿಗೆಯೊಳಗಿದೆ. ಫ್ರಿಜ್ಜಿನಂಥ ದೊಡ್ಡ ಸಾಮಾನು ಬಂದ ಪೆಟ್ಟಿಗೆಯನ್ನು ಕುಯ್ದು ಮಾಡಿದ್ದು, ಬಾಯಿ ಎರಡಡಿ ಅಗಲ. ಒಳಗೆ, ಮೇಲ್ಗಡೆ ಒಂದು ಕೋಲು ಅಡ್ಡ ಹಾಕಿ ಹಳೇ ಬಟ್ಟೆ ಎರಡು ಪದರ ನೇತುಹಾಕಿದ್ದೇನೆ. ಮೊದಲ ವಾರ ಬಟ್ಟೆಯನ್ನು ನಾಲ್ಕೂ ಮೂಲೆಗೆ ಬಿಗಿಯಾಗಿ ಎಳೆದು ಪಿನ್ ಹೊಡೆದಿದ್ದೆ, ನೀಟಾಗಿ ಕಾಣಲಿ ಅಂತ. ಗುಂಡು ಅದಕ್ಕೆ ಬಡಿದು ಡೋಲಿನ ಮೇಲಿಂದ ಪುಟಿದ ಹಾಗೆ ನನ್ನ ಕಾಲಬುಡಕ್ಕೆ ಬಂತು. ಕೆಳಗಿನ ಪಿನ್ನುಗಳನ್ನು ಕಿತ್ತು ಹಾಕಿದೆ. ಸಡಿಲವಾಗಿ ನೇತಾಡುವ ಬಟ್ಟೆ ಗುಂಡಿನ ಜೊತೆ ತಾನೂ ಹಿಂದಕ್ಕೆ ಹೋಗುತ್ತದೆ, ಹೋಗುತ್ತಾ ಅದರ ವೇಗ ತಿನ್ನುತ್ತದೆ, ಗುಂಡು ಸುಸ್ತಾಗಿ ಕೆಳಗೆ ಬೀಳುತ್ತದೆ. ತಳದಲ್ಲಿ ಮಡಿಸಿದ ಟವೆಲ್ ಹಾಸಿದ್ದೇನೆ. ಇಲ್ಲದಿದ್ದರೆ ಒಂದು ಗುಂಡಿನ ಮೇಲೆ ಇನ್ನೊಂದು ಬಿದ್ದು ಟಣ್ಣನೆ ಹೊರಗೆ ಜಿಗಿಯುತ್ತದೆ. ಗುರಿ ಬಟ್ಟೆಯ ಮುಂದೆ ದಾರದಲ್ಲಿ ಕಟ್ಟಿದ ಒಂದು ಬಾಟಲಿ ಮುಚ್ಚಳ. ತಾಗಿದರೆ ಗಿರಗಿರ ಸುತ್ತುತ್ತದೆ. ಆ ಸದ್ದು, ಆ ಸುತ್ತು, ಇಡೀ ದಿನದ ಲೆಕ್ಕದ ಸುಸ್ತನ್ನು ತೊಳೆದುಹಾಕುತ್ತದೆ.

ಪೆಟ್ಟಿಗೆ ಇಟ್ಟ ಮಾತ್ರಕ್ಕೆ ಮುಗಿಯಲಿಲ್ಲ. ಪೆಟ್ಟಿಗೆ ತಪ್ಪಿದ ಗುಂಡಿಗೆ ಆಚೆ ಏನಿದೆ ಅಂತ ನೋಡಬೇಕು. ಪೊದೆ, ಬೇಲಿ, ಮರದ ಪರದೆ ಇವೆಲ್ಲ ಕಣ್ಣನ್ನು ತಡೆಯುತ್ತವೆ, ಗುಂಡನ್ನು ತಡೆಯಲ್ಲ. ಪೊದೆಯ ಆಚೆ ಯಾರಿದ್ದಾರೆ ಅಂತ ಕಾಣದಿದ್ದರೆ ಅಲ್ಲಿ ಯಾರೋ ಇದ್ದಾರೆ ಅಂತಲೇ ಅಂದುಕೊಳ್ಳುತ್ತೇನೆ. ಎತ್ತರಕ್ಕೆ ಹಿಡಿದು ಹೊಡೆದರೆ ನನ್ನ ಈ ಸಾಧಾರಣ ಬಿಲ್ಲಿನ ಗುಂಡೇ ನೂರು ಮೀಟರ್ ದಾಟುತ್ತದೆ. ಆಕಾಶಕ್ಕೆ ನೆಟ್ಟಗೆ ಹೊಡೆದರೆ ಸುರಕ್ಷಿತ ಅನ್ನೋರು ಇದ್ದಾರೆ. ಗಾಳಿಯ ತಡೆಯನ್ನೂ ಸೇರಿಸಿ ಲೆಕ್ಕ ಹಾಕಿದೆ. ವಾಪಸ್ ಬರುವಾಗ ಗಂಟೆಗೆ ನೂರು ಕಿಲೋಮೀಟರ್ ಆಸುಪಾಸು ಇರುತ್ತದೆ. ಅದೂ ಯಾರ ತಲೆಯ ಮೇಲೆ ಅಂತ ಗೊತ್ತಿಲ್ಲದೆ.

ಇನ್ನು ಕವೆಗೇ ಗುಂಡು ಬಡಿಯೋದು. ಇದು ಎಲ್ಲರಿಗೂ ಒಂದಲ್ಲ ಒಂದು ದಿನ ಆಗುತ್ತದೆ. ತೊಗಲನ್ನು ಹಿಡಿದ ಹೆಬ್ಬೆರಳು, ತೋರುಬೆರಳು ಒಟ್ಟಿಗೆ ಸಡಿಲವಾಗಬೇಕು. ಒಂದು ಮುಂಚೆ ಒಂದು ಆಮೇಲೆ ಬಿಟ್ಟರೆ, ಇಲ್ಲವೇ ಗುಂಡು ತೊಗಲಿನ ಮಧ್ಯದಲ್ಲಿ ಕೂರದೆ ಓರೆಯಾದರೆ, ಅದು ಕವೆಯ ನಡುವೆ ಹೋಗದೆ ಕೊಂಬಿಗೇ ಬಡಿಯುತ್ತದೆ. ನನ್ನದು ಬಲಗಡೆ ಕೊಂಬಿಗೆ ಬಡಿದು, ಕಿವಿಯ ಪಕ್ಕ ಹಾದು, ಹಿಂದೆ ನಮ್ಮ ಮನೆಯದೇ ಕಿಟಕಿಯ ಗಾಜು ಒಡೆಯಿತು. ಪ್ಲೈವುಡ್ಡಿನ ಬಿಲ್ಲಿನ ಮೇಲೆ ಉಗುರು ಕೂರುವಷ್ಟು ಗುಳಿ ಈಗಲೂ ಇದೆ. ಹೆಬ್ಬೆರಳು ಬಿಲ್ಲಿನ ಮೇಲೆ ಇಡುವಾಗ ಆ ಗುಳಿ ಸಿಗುತ್ತದೆ, ಸಿಕ್ಕಾಗೆಲ್ಲ ತೊಗಲನ್ನು ಇನ್ನೊಂದು ಸಲ ನೋಡಿಕೊಳ್ಳುತ್ತೇನೆ. ನೋಡುವವರು ಯಾರೇ ಬಂದರೂ ನನ್ನ ಹಿಂದೆ ಸಾಕಷ್ಟು ದೂರ ನಿಲ್ಲಬೇಕು, ಕಣ್ಣಿಗೆ ಕನ್ನಡಕ ಹಾಕಬೇಕು ಅನ್ನೋ ನಿಯಮ ಆ ಕಿಟಕಿಯಿಂದ ಬಂದದ್ದು. ಕೊಂಬು ಮರದ್ದಾದರೆ ಬಿರುಕು ನೋಡಿ. ಹಸಿ ಕೊಂಬೆಯನ್ನು ಇವತ್ತು ಕಡಿದು ಇವತ್ತೇ ಬಿಲ್ಲು ಮಾಡಬೇಡಿ. ಒಣಗುತ್ತಾ ಸೀಳುತ್ತದೆ, ಸೀಳಿದ್ದು ಕವೆಯ ಬುಡದಲ್ಲಾದರೆ ಎಳೆದಾಗ ಕೊಂಬೇ ಮುಖಕ್ಕೆ ಬರುತ್ತದೆ.

ಹಕ್ಕಿ, ಅಳಿಲು, ಬೀದಿನಾಯಿ, ಬೆಕ್ಕು: ಇಲ್ಲ. ಇದರಲ್ಲಿ ವಾದಕ್ಕೆ ನನಗೆ ಆಸಕ್ತಿಯೂ ಇಲ್ಲ. ಕಾನೂನು ಒಂದೊಂದು ಕಡೆ ಒಂದೊಂದು ಥರ. ಜರ್ಮನಿಯಲ್ಲಿ ಮುಂಗೈಗೆ ಆನಿಸುವ ಪಟ್ಟಿ ಇರುವ ಬಿಲ್ಲಿಗೇ ನಿಷೇಧ ಇದೆ, ಅಮೆರಿಕದ ನ್ಯೂಜೆರ್ಸಿಯಲ್ಲಿ ಕಾನೂನು ಒಪ್ಪುವ ಕಾರಣವಿಲ್ಲದೆ ಮಾಮೂಲಿ ಕ್ಯಾಟರ್‌ಬಿಲ್ಲು ಇಟ್ಟುಕೊಳ್ಳೋದೇ ತಪ್ಪು. ನೀವು ಇರುವಲ್ಲಿ ಏನು ಅಂತ ಕೊಳ್ಳೋ ಮುಂಚೆ ಕೇಳಿ. ವಿಮಾನದಲ್ಲಿ ಕೈಚೀಲದಲ್ಲಿ ಇಟ್ಟುಕೊಂಡು ಹೋಗಬೇಡಿ, ಅಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ.

ಹೋದ ರಜೆಯಲ್ಲಿ ತಮ್ಮನ ಮಗ ಬಂದಿದ್ದ. ಹನ್ನೊಂದು ವರ್ಷ. ಪೆಟ್ಟಿಗೆ ನೋಡಿದ ತಕ್ಷಣ ಕೈ ಚಾಚಿದ.

“ಅತ್ತೆ, ನಂಗೂ ಒಂದ್ಸಲ ಕೊಡಿ.”

“ಕೊಡ್ತೀನಿ. ಮೊದಲು ಇಪ್ಪತ್ತು ಗುಂಡು ಎಣಿಸು.”

“ಎಣಿಸೋದ್ಯಾಕೆ? ಡಬ್ಬಿ ತುಂಬ ಇದ್ಯಲ್ಲ.”

ಎಣಿಸಿದ. ನೋಟ್‌ಬುಕ್ಕಿನ ಎಡಗಡೆ ‘20’ ಅಂತ ಅವನ ಕೈಯಲ್ಲೇ ಬರೆಸಿದೆ. ಅವನಿಗೆ ಅಂತ ಅಗಲ ಕಮ್ಮಿ ಇರುವ ಬೇರೆ ಪಟ್ಟಿ ಕಟ್ಟಿದೆ. ನನ್ನದನ್ನು ಎಳೆದರೆ ಅವನ ಕೈ ನಡುಗುತ್ತದೆ, ನಡುಗುವ ಕೈ ತನಗೆ ಬೇಕಾದಾಗ ಬಿಡಲ್ಲ, ಸೋತಾಗ ಬಿಡುತ್ತದೆ. ಪೆಟ್ಟಿಗೆಯಿಂದ ನಾಲ್ಕು ಮೀಟರಿಗೇ ನಿಲ್ಲಿಸಿದೆ. ಗುಂಡನ್ನು ತೊಗಲಿಗೆ ಹಾಕೋದು ಪೆಟ್ಟಿಗೆಯ ಕಡೆ ಮುಖ ಮಾಡಿದ ಮೇಲೆ. ನಡುವೆ ಯಾರಾದರೂ ಮಾತಾಡಿಸಿದರೆ ಮೊದಲು ರಬ್ಬರ್ ಸಡಿಲ ಬಿಡಬೇಕು, ಆಮೇಲೆ ತಿರುಗಬೇಕು. ಇದೊಂದನ್ನು ಹೇಳಿಕೊಡೋಕೆ ಅರ್ಧ ಗಂಟೆ ಹಿಡಿಯಿತು. ಮಕ್ಕಳು ಕರೆದರೆ ಕೈಯಲ್ಲಿ ಏನಿದೆಯೋ ಅದರ ಸಮೇತ ತಿರುಗುತ್ತಾರೆ. ನಾನು ಬೇಕಂತಲೇ ಹಿಂದಿನಿಂದ ಹತ್ತಾರು ಸಲ ಹೆಸರು ಕರೆದೆ, ಗುಂಡು ಹಾಕದ ಬಿಲ್ಲು ಕೊಟ್ಟು. ಎಂಟನೇ ಸಲಕ್ಕೆ ತಿರುಗೋದು ನಿಂತಿತು. ಹನ್ನೆರಡನೇ ಸಲಕ್ಕೆ “ಏನತ್ತೆ ಸುಮ್ನೆ ಕರೀತೀರಾ” ಅಂತ ಬಿಲ್ಲು ಇಳಿಸಿಯೇ ಬೈದ.

ಮೂರು ದಿನ ಲೆಕ್ಕ ಸರಿಹೋಯಿತು. ಹೋದದ್ದು ಇಪ್ಪತ್ತು, ಬಂದದ್ದು ಇಪ್ಪತ್ತು. ನಾಲ್ಕನೇ ದಿನ ಟವೆಲ್ ಕೊಡವಿ ಎಣಿಸಿದರೆ ಹತ್ತೊಂಬತ್ತು.

“ಹೋಗ್ಲಿ ಬಿಡಿ ಅತ್ತೆ, ಒಂದು ತಾನೆ?”

ಒಂದೇ. ಆದರೆ ಆ ಒಂದು ಎಲ್ಲಿಗೋ ಹೋಗಿದೆ, ಎಲ್ಲಿಗೆ ಅಂತ ನಮ್ಮಿಬ್ಬರಿಗೂ ಗೊತ್ತಿಲ್ಲ. ಒಂಬತ್ತು ಸರಿಯಾಗಿ ಬಿದ್ದು ಹತ್ತನೆಯದು ಕಾಣೆಯಾದರೂ ನಾನು ಅಲ್ಲಿಗೇ ನಿಲ್ಲಿಸುವವಳು. ಆ ಗುಂಡು ಹೋದ ದಾರಿಯಲ್ಲೇ ಇನ್ನೊಂದೂ ಹೋಗಬಹುದಲ್ಲ. ಹುಡುಕುವವರೆಗೆ ಬಿಲ್ಲು ಡಬ್ಬಿಯೊಳಗೆ ಅಂದೆ. ಅವನ ಮುಖ ಸಣ್ಣಗಾಯಿತು.

ಹುಡುಕೋಕೆ ನನ್ನ ಹತ್ತಿರ ಕೆಟ್ಟ ಸ್ಪೀಕರಿನಿಂದ ಕಿತ್ತ ಒಂದು ದಪ್ಪ ಅಯಸ್ಕಾಂತ ಇದೆ, ದಾರ ಕಟ್ಟಿದ್ದು. ನೆಲಕ್ಕೆ ತಾಗುವಷ್ಟು ಇಳಿಬಿಟ್ಟು ನಡೆದರೆ ಹುಲ್ಲಿನೊಳಗಿನ ಗುಂಡು ತಾನೇ ಬಂದು ಕಚ್ಚಿಕೊಳ್ಳುತ್ತದೆ. ಪೆಟ್ಟಿಗೆಯ ಮುಂದೆಲ್ಲ ಎಳೆದಾಡಿದ. ಎರಡು ಹಳೇ ಮೊಳೆ, ಒಂದು ಕ್ಲಿಪ್ಪು ಸಿಕ್ಕಿತು. ಎಡಕ್ಕೆ, ಬಲಕ್ಕೆ. ಇಲ್ಲ. ಕತ್ತಲಾಗುತ್ತಿತ್ತು. ಪೆಟ್ಟಿಗೆಯ ಹಿಂದೆ ಯಾಕೆ ನೋಡಬೇಕು, ಬಟ್ಟೆ ಇದೆಯಲ್ಲ ಅಂತ ನಾನೇ ಹೇಳಿದೆ. ಅವನು ನನ್ನ ಮಾತು ಕೇಳಲಿಲ್ಲ, ಹಿಂದೆ ಹೋದ.

“ಅತ್ತೆ, ಇಲ್ಲಿ ತೂತಿದೆ.”

ರಟ್ಟಿನ ಬೆನ್ನಿನಲ್ಲಿ, ಸರಿಯಾಗಿ ಮುಚ್ಚಳ ನೇತಾಡುವ ಎತ್ತರದಲ್ಲಿ, ದುಂಡಗೆ ಒಂದು ತೂತು. ಒಳಗೆ ಕೈ ಹಾಕಿ ಬಟ್ಟೆ ಹಿಡಿದು ನೋಡಿದೆ. ಎರಡೂ ಪದರ ಆ ಒಂದು ಜಾಗದಲ್ಲಿ ಸವೆದು ಸೊಳ್ಳೆಪರದೆಯ ಹಾಗಾಗಿತ್ತು. ವರ್ಷದಿಂದ ಅದೇ ಜಾಗಕ್ಕೆ ಹೊಡೆದದ್ದು ನಾನು. ಗುರಿ ಚೆನ್ನಾಗಿ ಕೂತಿದೆ ಅಂತ ಹೆಮ್ಮೆಪಟ್ಟದ್ದೂ ನಾನು. ರಬ್ಬರಿಗೆ ಲೆಕ್ಕ ಇತ್ತು, ಗುಂಡಿಗೆ ಲೆಕ್ಕ ಇತ್ತು, ಬಟ್ಟೆಗೆ ಇರಲಿಲ್ಲ.

‘ಟಕ್’ ಅಂತ ಸದ್ದಾಯಿತು. ಹಿಂದಿನ ಗೋಡೆಗೆ ಬಡಿದು, ವಾಪಸ್ ಉರುಳಿ, ಒಂದು ಇಟ್ಟಿಗೆಯ ಸಂದಿನಲ್ಲಿ ಕೂತಿದ್ದ ಗುಂಡು ಅಯಸ್ಕಾಂತಕ್ಕೆ ಅಂಟಿಕೊಂಡಿತ್ತು. ಗೋಡೆಯ ಮೇಲೆ ಬಿಳಿ ಚುಕ್ಕೆ. ಚುಕ್ಕೆಗೆ ಬೆರಳಿಟ್ಟು ಅವನು ಅಲ್ಲೇ ನಿಂತ. ಅವನ ಗಲ್ಲದ ಎತ್ತರಕ್ಕಿತ್ತು.

ಮರುದಿನ ಬಟ್ಟೆ ಬದಲಾಯಿಸಿದೆವು. ದಪ್ಪ ಜಮಖಾನದ ತುಂಡೊಂದನ್ನು ಪೆಟ್ಟಿಗೆಯ ಹಿಂದೆಯೂ ಸಡಿಲವಾಗಿ ಇಳಿಬಿಟ್ಟೆ. ನೋಟ್‌ಬುಕ್ಕಿನಲ್ಲಿ ಇನ್ನೊಂದು ಕಾಲಂ ಎಳೆದೆ, ‘ಬಟ್ಟೆ’ ಅಂತ. ಹಿಂದಿನ ದಿನದ ಸಾಲು ಖಾಲಿ ಬಿಟ್ಟಿದ್ದೆ, ಅದನ್ನು ಬರೆಯುವ ಕೆಲಸ ಅವನದು. ಊಟಕ್ಕೆ ಕರೆಯೋಕೆ ಹೋದಾಗ ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕುತ್ತಿದ್ದ.

‘ಹೋದದ್ದು 20. ಬಂದದ್ದು 20. ಒಂದು ಲೇಟಾಗಿ ಬಂತು.’